ಮೂರು ವರ್ಷದ ಶಾಸನ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದರು. ಅವರ ಕಾಲದಲ್ಲಿ ಶಾಲೆ ತೆರೆಯುವ ಗೊಡವೆ ಸಾಮಾನ್ಯ ಗೃಹಸ್ಥನಿಗೆ ಇರಲಿಲ್ಲವಾದ್ದರಿಂದ ಗಾದೆಯು ಎರಡು ಮಾತಿಗೇ ನಿಂತಿತು. ಇದ್ದಿದ್ದರೆ ಶಾಲೆ ತೆರೆದು ನೋಡು ಎಂಬ ಮೂರನೆಯ ಮಾತೂ ನಿಶ್ಚಯವಾಗಿ ಸೇರುತ್ತಿತ್ತು. ಮನೆ ಕಟ್ಟಿದವನಿಗೆ ಸಾಲ ತೀರಿದರೆ ನೆಮ್ಮದಿ. ಮದುವೆ ಮಾಡಿದವನಿಗೆ ಬೀಗರನ್ನು ಬೀಳ್ಕೊಟ್ಟರೆ ನೆಮ್ಮದಿ. ಶಾಲೆ ತೆರೆದವನಿಗಾದರೋ ಪ್ರತಿ ಜೂನ್ ತಿಂಗಳೂ ಹೊಸದೊಂದು ಮದುವೆಯೇ ಸರಿ.

ಓದುಗರು ಕ್ಷಮಿಸಬೇಕು, ಇದು ಕೇಳಿ ಬರೆದ ಮಾತಲ್ಲ. ಪಂಡಿತ ಪರೀಕ್ಷೆ ಮುಗಿಸಿಕೊಂಡು ನಾನು ಮೊದಲು ಸೇರಿದ ಪ್ರೌಢಶಾಲೆಯು ಬೆಲ್ಲದ ಉಗ್ರಾಣವೊಂದರಲ್ಲಿ ನಡೆಯುತ್ತಿತ್ತು. ಮಳೆಗಾಲದಲ್ಲಿ ನೆಲದಿಂದ ಬೆಲ್ಲದ ವಾಸನೆ ಏಳುತ್ತಿತ್ತು. ಇರುವೆಗಳು ಹಳಗನ್ನಡ ವ್ಯಾಕರಣದ ಮೇಲೆ ಸಾಲುಗಟ್ಟಿ ನಡೆಯುತ್ತಿದ್ದವು. ಆ ಶಾಲೆಯ ಕಥೆಯನ್ನು ಕೊನೆಯಲ್ಲಿ ಹೇಳುತ್ತೇನೆ. ಈಗ ಹೇಳಹೊರಟಿರುವುದು ನಮ್ಮಿಂದ ಬಹುದೂರದ ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ಉಪಾಧ್ಯಾಯರು ತಾವೇ ಕೈಯಿಟ್ಟು ಶಾಲೆ ತೆರೆದ ಒಂದು ವಿಶೇಷ ಏರ್ಪಾಟಿನ ಇತಿಹಾಸ. ಅಲ್ಲಿ ಇದಕ್ಕೆ ಚಾರ್ಟರ್ ಶಾಲೆ ಎಂದು ಹೆಸರು.

ಚಾರ್ಟರ್ ಎಂದರೇನು? ಪರಭಾಷೆಯಿಂದ ಬಂದು ನಮ್ಮ ಕಚೇರಿಗಳಲ್ಲಿ ನೆಲೆನಿಂತ ಸನದು ಎಂಬ ಶಬ್ದ ಅದಕ್ಕೆ ಹತ್ತಿರದ್ದು. ಇನ್ನೂ ಹಳೆಯ ಮಾತು ಬೇಕಾದರೆ ಶಾಸನ. ವಿದ್ಯೆಗಾಗಿ ಶಾಸನ ಹಾಕಿಸುವುದು ಕನ್ನಡ ನಾಡಿಗೆ ಹೊಸದಲ್ಲ. ವಿಜಾಪುರ ಸೀಮೆಯ ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, ಕ್ರಿ.ಶ. 945ರ ಶಾಸನವಿದೆ. ಮಂತ್ರಿ ನಾರಾಯಣನು ಅಲ್ಲಿ ಶಾಲೆಯನ್ನು ಕಟ್ಟಿಸಿದ್ದು, ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕೆ 27 ಮನೆಗಳನ್ನೂ ಖರ್ಚಿಗೆ ಭೂಮಿಯನ್ನೂ ಬಿಟ್ಟದ್ದು, ಊರವರು ಮದುವೆ ಉಪನಯನಗಳಲ್ಲಿ ಶಾಲೆಗೆ ಇಷ್ಟೆಂದು ಕಾಣಿಕೆ ಕೊಡಬೇಕೆಂದು ಗೊತ್ತುಮಾಡಿದ್ದು, ಇವೆಲ್ಲ ಅದರಲ್ಲಿ ದಾಖಲಾಗಿವೆ. ನಮ್ಮ ದಾನಶಾಸನಗಳ ವಾಡಿಕೆಯ ಮಾತು ಆಚಂದ್ರಾರ್ಕ ಎಂಬುದು. ಸೂರ್ಯಚಂದ್ರರಿರುವ ತನಕ ಈ ಧರ್ಮ ನಡೆಯಲಿ ಎಂದರ್ಥ. ಅಮೆರಿಕದ ಶಾಲಾಶಾಸನದ ವೈಚಿತ್ರ್ಯ ಇರುವುದು ಇಲ್ಲಿಯೇ. ಅದರ ಮೊದಲ ರೂಪದಲ್ಲಿ ಅವಧಿಯು ಸೂರ್ಯಚಂದ್ರರವರೆಗೂ ಅಲ್ಲ, ಹೆಚ್ಚೆಂದರೆ ಮೂರು ವರ್ಷ.

ಈ ಮೂರು ವರ್ಷದ ಅರ್ಥ ತಿಳಿಯಬೇಕಾದರೆ ಅಲ್ಲಿಯ ಪದ್ಧತಿಯನ್ನು ಸ್ವಲ್ಪ ಅರಿತಿರಬೇಕು. ಅಮೆರಿಕದಲ್ಲಿ ಸಾರ್ವಜನಿಕ ಶಾಲೆಗಳ ಆಡಳಿತ ಸಾಮಾನ್ಯವಾಗಿ ಸ್ಥಳೀಯ ಶಾಲಾಮಂಡಲಿಗಳ ಕೈಯಲ್ಲಿದೆ. ಊರು ಅಥವಾ ನಗರಕ್ಕೊಂದು ಮಂಡಲಿ. ಅದರ ಕೆಳಗೆ ಅಧಿಕಾರಿಗಳು. ಅವರ ಕೆಳಗೆ ಮುಖ್ಯೋಪಾಧ್ಯಾಯರು. ಎಲ್ಲರ ಕೆಳಗೆ ಪಾಠ ಹೇಳುವ ಉಪಾಧ್ಯಾಯ. ಮಗು ಯಾವ ಬೀದಿಯಲ್ಲಿ ವಾಸಿಸುತ್ತದೆಯೋ ಆ ಬೀದಿಗೆ ಗೊತ್ತಾದ ಶಾಲೆಗೇ ಹೋಗುವುದು ಬಹುಕಾಲದ ರೂಢಿ. ಇಂಥ ಏರ್ಪಾಟಿನಲ್ಲಿ ಉಪಾಧ್ಯಾಯನಿಗೆ ಒಳ್ಳೆಯದೊಂದು ಯೋಚನೆ ಹೊಳೆದರೆ ಅದು ಮೆಟ್ಟಿಲು ಹತ್ತಿ ಮೇಲಕ್ಕೆ ಹೋಗಿ ಅಪ್ಪಣೆ ಪಡೆದು ಇಳಿದು ಬರುವ ವೇಳೆಗೆ ಹುಡುಗರು ದೊಡ್ಡವರಾಗಿ ಶಾಲೆ ಬಿಟ್ಟಿರುತ್ತಾರೆ. ಈ ಅನುಭವಕ್ಕೆ ನಾವು ಅಮೆರಿಕೆಗೆ ಹೋಗಬೇಕಾದ್ದಿಲ್ಲವೆಂದು ನನ್ನ ವೃತ್ತಿಬಾಂಧವರು ನಗಬಹುದು.

ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ರೇ ಬಡ್ಡಿ ಎಂಬ ಪ್ರಾಧ್ಯಾಪಕರಿದ್ದರು. ಹಿಂದೆ ಶಾಲೆಯಲ್ಲಿ ಪಾಠ ಹೇಳಿ ಮುಖ್ಯೋಪಾಧ್ಯಾಯರೂ ಆಗಿದ್ದವರು. ಶಾಲಾಮಂಡಲಿಯು ಉಪಾಧ್ಯಾಯರ ಒಂದು ತಂಡಕ್ಕೆ ನೇರವಾಗಿ ಸನದು ಕೊಡಬೇಕು, ಕೆಲವು ವರ್ಷ ಅವರ ಪಾಠಕ್ರಮಕ್ಕೆ ನಡುವೆ ಯಾರೂ ಕೈಹಾಕಬಾರದು, ಅವಧಿ ಮುಗಿದ ಮೇಲೆ ಫಲವನ್ನು ಪರೀಕ್ಷಿಸಬೇಕು ಎಂಬ ವಿಚಾರವನ್ನು ಅವರು 1974ರಲ್ಲಿ ವಿದ್ವಾಂಸರ ಸಭೆಯೊಂದರ ಮುಂದಿಟ್ಟರು. ಆಗ ಯಾರೂ ಅದಕ್ಕೆ ಕಿವಿಗೊಡಲಿಲ್ಲ. ಹದಿನಾಲ್ಕು ವರ್ಷ ಅದು ಕಪಾಟಿನಲ್ಲಿ ಮಲಗಿತ್ತು. 1988ರಲ್ಲಿ ಪುಸ್ತಕವಾಗಿ ಹೊರಬಂದಿತು. ಅದೇ ವರ್ಷದ ಜುಲೈ ತಿಂಗಳ ಒಂದು ಭಾನುವಾರ ಅವರ ಪತ್ನಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯನ್ನು ಓದುತ್ತಿದ್ದವರು ಅದರಲ್ಲಿ ತಮ್ಮ ಯಜಮಾನರ ಹೆಸರನ್ನು ಕಂಡು ಕೂಗಿ ಹೇಳಿದರಂತೆ.

ಆ ಅಂಕಣವನ್ನು ಬರೆದವರು ಆಲ್ಬರ್ಟ್ ಶ್ಯಾಂಕರ್. ಅವರು ನ್ಯೂಯಾರ್ಕಿನಲ್ಲಿ ಗಣಿತ ಕಲಿಸುತ್ತಿದ್ದು, ಮುಂದೆ ಉಪಾಧ್ಯಾಯರ ಸಂಘವನ್ನು ಕಟ್ಟಿ, ಅಮೆರಿಕನ್ ಉಪಾಧ್ಯಾಯ ಮಹಾಸಂಘದ ಅಧ್ಯಕ್ಷರಾಗಿದ್ದವರು. ಮುಷ್ಕರಗಳಿಗೆ ಹೆಸರಾದ ಮನುಷ್ಯ. 1987ರಲ್ಲಿ ಜರ್ಮನಿಯ ಕಲೋನ್ ನಗರದ ಒಂದು ಶಾಲೆಯನ್ನು ಅವರು ನೋಡಿಬಂದರು. ಅಲ್ಲಿ ಉಪಾಧ್ಯಾಯರು ತಂಡಗಳಾಗಿ ಸೇರಿ ಒಂದೇ ಗುಂಪಿನ ಮಕ್ಕಳನ್ನು ಹಲವು ವರ್ಷ ನೋಡಿಕೊಳ್ಳುತ್ತಿದ್ದರು. ವೇಳಾಪಟ್ಟಿಯನ್ನೂ ಪಾಠದ ರೀತಿಯನ್ನೂ ತಾವೇ ನಿರ್ಣಯಿಸುತ್ತಿದ್ದರು. 1988ರ ಮಾರ್ಚ್ 31ರಂದು ವಾಷಿಂಗ್ಟನ್ನಿನ ಪತ್ರಕರ್ತರ ಸಭೆಯಲ್ಲಿ ಶ್ಯಾಂಕರರು ಇಂಥ ಶಾಲೆಗಳನ್ನು ಅಮೆರಿಕದಲ್ಲಿಯೂ ಉಪಾಧ್ಯಾಯರೇ ಆರಂಭಿಸಲು ಅವಕಾಶವಿರಬೇಕೆಂದು ವಾದಿಸಿದರು. ಬಡ್ಡಿಯವರ ಮಾತನ್ನೇ ತೆಗೆದುಕೊಂಡು ಇದಕ್ಕೆ ಚಾರ್ಟರ್ ಎಂಬ ಹೆಸರನ್ನಿತ್ತರು.

ಬೀಜ ಒಂದು ಕಡೆ, ಮೊಳಕೆ ಮತ್ತೊಂದು ಕಡೆ. ಉತ್ತರದ ಶೀತಪ್ರದೇಶವಾದ ಮಿನೆಸೋಟ ಸಂಸ್ಥಾನದಲ್ಲಿ 1988ರ ಅಕ್ಟೋಬರಿನಲ್ಲಿ ನಡೆದ ವಿಚಾರಗೋಷ್ಠಿಯಲ್ಲಿ ಶ್ಯಾಂಕರರು ಇದೇ ವಿಷಯವನ್ನು ಮಾತನಾಡಿದರು. ಕೇಳಿದವರಲ್ಲಿ ಆ ಸಂಸ್ಥಾನದ ಸೆನೆಟ್ ಸದಸ್ಯೆ ಎಂಬರ್ ರೈಕ್‌ಗಾಟ್ ಎಂಬಾಕೆಯೂ ಇದ್ದರು. ಆಕೆ ಇದನ್ನು ಶಾಸನವನ್ನಾಗಿ ಮಾಡಲು ಟೊಂಕಕಟ್ಟಿದರು. ಮೊದಲ ಪ್ರಯತ್ನಗಳು ಫಲಿಸಲಿಲ್ಲ. ಇಲ್ಲಿ ಓದುಗರು ಒಂದು ವಿನೋದವನ್ನು ಗಮನಿಸಬೇಕು. ಉಪಾಧ್ಯಾಯರ ಮಹಾನಾಯಕನೇ ಸಾರಿದ ವಿಚಾರವನ್ನು ಮಿನೆಸೋಟದ ಉಪಾಧ್ಯಾಯರ ಸಂಘಗಳೇ ಬಲವಾಗಿ ವಿರೋಧಿಸಿದವು. ಶಾಲೆಗೆ ಹೋಗುವ ಹಣ ಹಂಚಿಹೋಗುವುದೆಂದೂ, ಉದ್ಯೋಗದ ಭದ್ರತೆ ಸಡಿಲವಾಗುವುದೆಂದೂ ಅವರ ಭಯ. ಆ ಭಯ ನಿರಾಧಾರವಾಗಿತ್ತೆಂದು ನಾನು ಹೇಳಲಾರೆ.

ಕಡೆಗೆ 1991ರಲ್ಲಿ ರಾಜಿಯೊಂದು ಏರ್ಪಟ್ಟು, ಗವರ್ನರ್ ಆರ್ನೆ ಕಾರ್ಲ್‌ಸನ್ನರ ಅಂಕಿತ ಬಿದ್ದು, ಅಮೆರಿಕದ ಮೊದಲನೆಯ ಚಾರ್ಟರ್ ಶಾಲಾ ಕಾನೂನು ಜಾರಿಗೆ ಬಂದಿತು. ಕತ್ತರಿಸಿ ಕತ್ತರಿಸಿ ಉಳಿದದ್ದು ಬಹಳ ಸಣ್ಣದು. ಅದನ್ನು ಕಂಡು ರೈಕ್‌ಗಾಟ್ ಅವರಿಗೇ ಬೇಸರವಾಯಿತು. ಇಡೀ ಸಂಸ್ಥಾನಕ್ಕೆ ಎಂಟು ಶಾಲೆಗಳು ಮಾತ್ರ. ಸ್ಥಳೀಯ ಶಾಲಾಮಂಡಲಿ ಒಪ್ಪಿ ಆಶ್ರಯ ಕೊಡಬೇಕು. ಸಂಸ್ಥಾನದ ಶಿಕ್ಷಣಮಂಡಲಿಯೂ ಒಪ್ಪಬೇಕು. ಮಕ್ಕಳಿಂದ ಶುಲ್ಕ ಪಡೆಯಕೂಡದು. ಮತಧರ್ಮದ ಬೋಧನೆ ಕೂಡದು. ಜಾಗಕ್ಕಿಂತ ಅರ್ಜಿ ಹೆಚ್ಚಾದರೆ ಚೀಟಿ ಎತ್ತಬೇಕು. ಶಾಲೆಯನ್ನು ನಡೆಸುವ ಸಮಿತಿಯಲ್ಲಿ ಉಪಾಧ್ಯಾಯರದೇ ಬಹುಮತವಿರಬೇಕು. ಇಷ್ಟಕ್ಕೆ ಪ್ರತಿಯಾಗಿ ಇತರ ಶಾಲೆಗಳನ್ನು ಕಟ್ಟಿಹಾಕುವ ನಿಯಮಗಳಲ್ಲಿ ಹೆಚ್ಚಿನವು ಇವರಿಗಿಲ್ಲ. ಒಪ್ಪಂದದಲ್ಲಿ ಮಕ್ಕಳು ಏನನ್ನು ಕಲಿಯುವರೆಂದು ಬರೆದುಕೊಟ್ಟಿರುತ್ತಾರೋ ಅದನ್ನು ತೋರಿಸಬೇಕು. ತೋರಿಸಿದರೆ ಸನದು ಮುಂದುವರಿಯುತ್ತದೆ, ಇಲ್ಲವಾದರೆ ಬಾಗಿಲು ಮುಚ್ಚುತ್ತದೆ.

ಈ ಕಾನೂನಿನಂತೆ ಮೊಟ್ಟಮೊದಲು ಬಾಗಿಲು ತೆರೆದ ಶಾಲೆ ಸಿಟಿ ಅಕಾಡೆಮಿ. ಮಿನೆಸೋಟದ ರಾಜಧಾನಿ ಸೇಂಟ್ ಪಾಲ್ ನಗರದ ಪೂರ್ವಭಾಗದಲ್ಲಿ, ದುಡಿಯುವ ಜನರ ಬಡಾವಣೆಯಲ್ಲಿ, 1992ರ ಸೆಪ್ಟೆಂಬರಿನಲ್ಲಿ ಅದು ಆರಂಭವಾಯಿತು. ಆರಂಭಿಸಿದವರು ಮೈಲೊ ಕಟ್ಟರ್ ಮತ್ತು ಟೆರಿ ಕ್ರಾಬೆಲ್ ಎಂಬ ಇಬ್ಬರು ಉಪಾಧ್ಯಾಯರು. ಕಟ್ಟಡವೆಂದರೆ ನಗರಸಭೆಯ ಒಂದು ಕ್ರೀಡಾವಿಹಾರ ಕೇಂದ್ರ. ವಿದ್ಯಾರ್ಥಿಗಳ ಸಂಖ್ಯೆ ಮೂವತ್ತರ ಆಸುಪಾಸು. ಅವರಾದರೂ ಯಾರು? ಹದಿನೈದರಿಂದ ಇಪ್ಪತ್ತೊಂದರ ವಯಸ್ಸಿನವರು. ಬೇರೆ ಶಾಲೆಗಳನ್ನು ಬಿಟ್ಟವರು, ಇಲ್ಲವೆ ಶಾಲೆಗಳೇ ಬಿಟ್ಟುಬಿಟ್ಟವರು. ಹೊಸ ಶಾಲೆ ತೆರೆಯುವವರು ಸಾಮಾನ್ಯವಾಗಿ ಜಾಣಮಕ್ಕಳನ್ನು ಹುಡುಕುತ್ತಾರೆ. ಮೊದಲ ವರ್ಷದ ಫಲಿತಾಂಶ ನೂರಕ್ಕೆ ನೂರು ಬರಲಿ ಎಂದು ಆಸೆಪಡುತ್ತಾರೆ. ಈ ಇಬ್ಬರು ಯಾರಿಗೂ ಬೇಡವಾದವರನ್ನೇ ಕರೆದರು. ಮೂರು ವರ್ಷದಲ್ಲಿ ಫಲ ತೋರಿಸಬೇಕೆಂಬ ಕತ್ತಿ ತಲೆಯ ಮೇಲೆ ತೂಗುತ್ತಿರುವಾಗ ಇಂಥ ಮಕ್ಕಳನ್ನು ಆರಿಸಿಕೊಳ್ಳುವುದು ಸಾಹಸವೇ ಹೌದು.

ಇನ್ನು ಇಂಥ ಶಾಲೆ ತೆರೆಯುವವರ ಕಷ್ಟಗಳನ್ನು ಸ್ವಲ್ಪ ವಿವರವಾಗಿ ನೋಡೋಣ. ಮೊದಲನೆಯದು ಆಶ್ರಯದ ಕಷ್ಟ. ಯಾವ ಮಂಡಲಿಯ ಶಾಲೆಗಳಿಂದ ಮಕ್ಕಳು ಹೊರಟು ಹೊಸ ಶಾಲೆಗೆ ಬರುವರೋ ಆ ಮಂಡಲಿಯೇ ಒಪ್ಪಿಗೆ ಕೊಡಬೇಕು. ಹಳೆಯ ಅಂಗಡಿಯವನ ಸಹಿಯಿಲ್ಲದೆ ಎದುರಿಗೆ ಹೊಸ ಅಂಗಡಿ ತೆರೆಯಕೂಡದೆಂದರೆ ಹೇಗೋ ಹಾಗೆ. ಹಲವು ಮಂಡಲಿಗಳು ಇಲ್ಲವೆಂದವು. ಆದ್ದರಿಂದ 1993ರಲ್ಲಿ ಕಾನೂನನ್ನು ತಿದ್ದಿ ಮೇಲ್ಮನವಿಗೆ ಎಡೆಮಾಡಿಕೊಡಬೇಕಾಯಿತು.

ಎರಡನೆಯದು ಸೂರಿನ ಕಷ್ಟ. ಸರ್ಕಾರದ ಹಣ ಮಕ್ಕಳ ತಲೆಯೆಣಿಕೆಯ ಮೇಲೆ ಬರುತ್ತದೆ. ಮಕ್ಕಳು ಬರಬೇಕಾದರೆ ಶಾಲೆ ಇರಬೇಕು. ಶಾಲೆ ಇರಬೇಕಾದರೆ ಹಣ ಬೇಕು. ಬೀಜವೃಕ್ಷನ್ಯಾಯವನ್ನು ತರ್ಕಶಾಸ್ತ್ರದಲ್ಲಿ ಓದಿದವರಿಗೆ ಅದರ ನಿಜವಾದ ಬಿಸಿ ಶಾಲೆ ತೆರೆದಾಗಲೇ ತಟ್ಟುವುದು. ಮೊದಲ ಕಾನೂನಿನಲ್ಲಿ ಕಟ್ಟಡಕ್ಕಾಗಲಿ ಆರಂಭದ ಸಾಮಗ್ರಿಗಾಗಲಿ ಪ್ರತ್ಯೇಕ ಹಣವಿರಲಿಲ್ಲ. ಅಮೆರಿಕದ ಕೇಂದ್ರ ಸರ್ಕಾರವು ಆರಂಭದ ವೆಚ್ಚಕ್ಕೆ ನೆರವು ಕೊಡುವ ಯೋಜನೆಯನ್ನು ಗೊತ್ತುಮಾಡಿದ್ದು 1994ರಲ್ಲಿ. ಅದಕ್ಕೂ ಮುಂಚಿನವರು, ಮತ್ತು ಆಮೇಲೆಯೂ ಅನೇಕರು, ಖಾಲಿ ಮಳಿಗೆಗಳಲ್ಲಿ, ಚರ್ಚುಗಳ ನೆಲಮಾಳಿಗೆಗಳಲ್ಲಿ, ಹಳೆಯ ಗೋದಾಮುಗಳಲ್ಲಿ ಕರಿಹಲಗೆ ತೂಗುಹಾಕಿದರು. ನನಗೆ ಬೆಲ್ಲದ ವಾಸನೆ ನೆನಪಾದದ್ದು ಇದನ್ನು ಓದಿದಾಗ.

ಮೂರನೆಯದು ಲೆಕ್ಕದ ಕಷ್ಟ. ಪಾಠ ಹೇಳುವುದೇ ಒಂದು ವಿದ್ಯೆ, ಲೆಕ್ಕ ಇಡುವುದೇ ಇನ್ನೊಂದು ವಿದ್ಯೆ. ದೊಡ್ಡ ಮಂಡಲಿಯಲ್ಲಿ ಸಂಬಳದ ಪಟ್ಟಿಗೆ ಒಬ್ಬ, ವಿಮೆಗೆ ಒಬ್ಬ, ವಾಹನಕ್ಕೆ ಒಬ್ಬ, ಮಧ್ಯಾಹ್ನದ ಊಟಕ್ಕೆ ಒಬ್ಬ ಇರುತ್ತಾನೆ. ಚಿಕ್ಕ ಚಾರ್ಟರ್ ಶಾಲೆಯಲ್ಲಿ ಈ ನಾಲ್ವರೂ ಬೆಳಗ್ಗೆ ಪಾಠ ಹೇಳಿದ ಆ ಒಬ್ಬ ಉಪಾಧ್ಯಾಯಿನಿಯೇ. ಪಾಠದಲ್ಲಿ ಸೋತು ಮುಚ್ಚಿದ ಶಾಲೆಗಳಿಗಿಂತ ಹಣದಲ್ಲಿಯೂ ಆಡಳಿತದಲ್ಲಿಯೂ ಎಡವಿ ಮುಚ್ಚಿದ ಶಾಲೆಗಳ ಮಾತೇ ಅಲ್ಲಿಯ ವರದಿಗಳಲ್ಲಿ ಹೆಚ್ಚಾಗಿ ಕೇಳಿಬರುತ್ತದೆ.

ಇದಕ್ಕೆ ಬಹು ಬೇಗನೆ ಉದಾಹರಣೆಯೂ ದೊರೆಯಿತು. ಕ್ಯಾಲಿಫೋರ್ನಿಯಾ ಸಂಸ್ಥಾನ 1992ರಲ್ಲಿ ಎರಡನೆಯದಾಗಿ ಇಂಥ ಕಾನೂನು ಮಾಡಿತು. ಅಲ್ಲಿಯ ಲಾಸ್ ಏಂಜಲೀಸ್ ನಗರದಲ್ಲಿ ಎಜುಟ್ರೇನ್ ಎಂಬ ಶಾಲೆ ಆರಂಭವಾಯಿತು. ಅದು ಕರೆದದ್ದೂ ಶಾಲೆ ಬಿಟ್ಟ ಹುಡುಗರನ್ನೇ. ಸಿಟಿ ಅಕಾಡೆಮಿಯ ಉದ್ದೇಶವೇ ಅದರದೂ. ಆದರೆ ಹಣದ ವ್ಯವಹಾರ ಕೆಟ್ಟು, 1994ರ ಕೊನೆಗೆ ನಗರದ ಮಂಡಲಿಯು ಅದರ ಸನದನ್ನು ಹಿಂತೆಗೆದುಕೊಂಡಿತು. ಇನ್ನೂ ದೊಡ್ಡ ಆಘಾತ 2004ರಲ್ಲಿ ಆಯಿತು. ಕ್ಯಾಲಿಫೋರ್ನಿಯಾ ಚಾರ್ಟರ್ ಅಕಾಡೆಮಿ ಎಂಬ ಸಂಸ್ಥೆ ಹಲವಾರು ಊರುಗಳಲ್ಲಿ ಹತ್ತಾರು ಶಾಖೆಗಳನ್ನು ನಡೆಸುತ್ತಿದ್ದುದು ಆಗಸ್ಟ್ ತಿಂಗಳಲ್ಲಿ ಕುಸಿದುಬಿದ್ದಿತು. ಹೊಸ ತರಗತಿಗಳು ಆರಂಭವಾಗುವ ಹೊತ್ತು. ಸಾವಿರಾರು ಮಕ್ಕಳು ಬೀದಿಯಲ್ಲಿ ನಿಂತು ಬೇರೆ ಶಾಲೆ ಹುಡುಕಬೇಕಾಯಿತು. ಸೋತ ಶಾಲೆ ಮುಚ್ಚಬೇಕೆಂಬುದು ಕಾಗದದ ಮೇಲೆ ನ್ಯಾಯವಾಗಿಯೇ ಕಾಣುತ್ತದೆ. ಆದರೆ ಒಪ್ಪಂದಕ್ಕೆ ಸಹಿ ಹಾಕಿದವರು ದೊಡ್ಡವರು, ದಂಡ ತೆತ್ತವರು ಮಕ್ಕಳು.

ಹಾಗಾದರೆ ಫಲವೇನೂ ಇಲ್ಲವೇ? ಇದೆ. ಸಿಟಿ ಅಕಾಡೆಮಿಯಂಥ ಶಾಲೆಯಲ್ಲಿ ಪ್ರತಿಯೊಬ್ಬ ಹುಡುಗನ ಹೆಸರೂ ಪ್ರತಿಯೊಬ್ಬ ಉಪಾಧ್ಯಾಯನಿಗೂ ಗೊತ್ತು. ಒಂದು ದಿನ ಬಾರದಿದ್ದರೆ ಅದು ಹಾಜರಿ ಪುಸ್ತಕದ ಒಂದು ಗುರುತಾಗಿ ಉಳಿಯುವುದಿಲ್ಲ. ಯಾಕೆ ಬರಲಿಲ್ಲವೆಂದು ಕೇಳುವ ಮನುಷ್ಯನಿರುತ್ತಾನೆ. ಪಾಠದ ಹೊತ್ತನ್ನು ಬದಲಿಸಬೇಕೆಂದು ಕಂಡರೆ ಸಂಜೆ ನಾಲ್ವರು ಮೇಜಿನ ಸುತ್ತ ಕುಳಿತು ಬದಲಿಸಬಹುದು. ಮಾರನೆಯ ದಿನದಿಂದಲೇ ಅದು ನಡೆಯುತ್ತದೆ. ತಪ್ಪಾದರೆ ತಪ್ಪೂ ತಮ್ಮದೇ. ಇದರ ಸವಿಯನ್ನು ಸುತ್ತೋಲೆಗಳ ನಡುವೆ ಮುದುಕರಾದ ನಮ್ಮಂಥವರು ಬಲ್ಲೆವು. 2000ದ ಮೇ 4ರಂದು ಅಧ್ಯಕ್ಷ ಬಿಲ್ ಕ್ಲಿಂಟನ್ನರು ಸಿಟಿ ಅಕಾಡೆಮಿಗೆ ಬಂದು ಮಕ್ಕಳೊಡನೆ ಮಾತನಾಡಿ ಹೋದರು. ಮೂರು ವರ್ಷದ ಸನದಿನಿಂದ ಆರಂಭವಾದ ಆ ಶಾಲೆಗೆ 2022ರಲ್ಲಿ ಮೂವತ್ತು ವರ್ಷ ತುಂಬಿತು.

ಎಂಟು ಶಾಲೆಗಳ ಮಿತಿಯಿಂದ ಹೊರಟ ಈ ಏರ್ಪಾಟು ಅಮೆರಿಕದ ನಲವತ್ತಕ್ಕೂ ಹೆಚ್ಚು ಸಂಸ್ಥಾನಗಳಿಗೆ ಹರಡಿತು. 2021-22ರ ಶಾಲಾವರ್ಷದಲ್ಲಿ ಅಲ್ಲಿ ಸುಮಾರು 7,800 ಚಾರ್ಟರ್ ಶಾಲೆಗಳೂ ಅವುಗಳಲ್ಲಿ ಸುಮಾರು 37 ಲಕ್ಷ ಮಕ್ಕಳೂ ಇದ್ದರು. ಕಲಿಕೆಯ ಲೆಕ್ಕವೋ, ಮೊದಲಿಗೆ ಉತ್ಸಾಹವನ್ನು ತಣಿಸುವಂತಿತ್ತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2009ರಲ್ಲಿ ಹದಿನಾರು ಸಂಸ್ಥಾನಗಳ ಶಾಲೆಗಳನ್ನು ಪರಿಶೀಲಿಸಿದಾಗ, ಗಣಿತದಲ್ಲಿ ನೂರಕ್ಕೆ 17 ಶಾಲೆಗಳು ನೆರೆಯ ಶಾಲೆಗಳನ್ನು ಮೀರಿಸಿದ್ದವು, 37 ಹಿಂದೆ ಬಿದ್ದಿದ್ದವು, ಉಳಿದವು ಸಮಸಮವಾಗಿದ್ದವು. ಅದೇ ಕೇಂದ್ರದ 2023ರ ವರದಿಯಲ್ಲಿ ಚಾರ್ಟರ್ ಶಾಲೆಯ ಮಕ್ಕಳು ಸರಾಸರಿಯಲ್ಲಿ ಸ್ವಲ್ಪ ಮುಂದಿದ್ದರು. ಓದಿನಲ್ಲಿ 16 ದಿನದ ಪಾಠದಷ್ಟು, ಗಣಿತದಲ್ಲಿ 6 ದಿನದ ಪಾಠದಷ್ಟು. ಸನದಿನಲ್ಲಿ ಮಂತ್ರಶಕ್ತಿಯಿಲ್ಲವೆಂಬುದೂ, ಕಾಲಕ್ರಮದಲ್ಲಿ ಪರಿಶ್ರಮ ಸ್ವಲ್ಪ ಸ್ವಲ್ಪವಾಗಿ ಕೈಗೂಡುತ್ತದೆಂಬುದೂ ಇದರಿಂದ ತಿಳಿಯುತ್ತದೆ.

ಆದರೆ ಒಂದು ಸಂಗತಿಯನ್ನು ಹೇಳದೆ ಬಿಟ್ಟರೆ ಇತಿಹಾಸಕ್ಕೆ ದ್ರೋಹವಾದೀತು. ಶ್ಯಾಂಕರರು ತಾವು ಪ್ರಚಾರಮಾಡಿದ ವಿಚಾರದಿಂದ ತಾವೇ ಹಿಂದೆ ಸರಿದರು. ಉಪಾಧ್ಯಾಯರ ಕೈಗೆ ಬರಬೇಕಾಗಿದ್ದ ಸನದು ಲಾಭದ ದೃಷ್ಟಿಯ ಕಂಪನಿಗಳ ಕೈಗೂ ಬೀಳುತ್ತಿದೆಯೆಂದು ಕಂಡಾಗ ಅವರು ಅದರ ಕಟುವಿಮರ್ಶಕರಾದರು. 1997ರಲ್ಲಿ ತೀರಿಕೊಳ್ಳುವ ತನಕ ಹಾಗೆಯೇ ಉಳಿದರು. ಸಮಿತಿಯಲ್ಲಿ ಉಪಾಧ್ಯಾಯರ ಬಹುಮತ ಇರಲೇಬೇಕೆಂಬ ಮಿನೆಸೋಟದ ನಿಯಮವೂ ಮುಂದೆ ಸಡಿಲವಾಯಿತು. ಶಾಲೆಗಳು ಸಾವಿರಗಟ್ಟಲೆ ಆದವು. ಉಪಾಧ್ಯಾಯನೇ ಕಟ್ಟಿ ಉಪಾಧ್ಯಾಯನೇ ನಡೆಸುವ ಶಾಲೆಗಳು ಮಾತ್ರ ಅವುಗಳಲ್ಲಿ ಕೆಲವೇ.

ಉಪಾಧ್ಯಾಯರು ಶಾಲೆ ಕಟ್ಟುವ ಮಾತು ಬಂದಾಗ ಕನ್ನಡಿಗರಿಗೆ ಬೆಳಗಾವಿ ನೆನಪಾಗದೆ ಇರದು. 1916ರ ನವೆಂಬರ್ 13ರಂದು ಏಳು ಮಂದಿ ತರುಣ ಉಪಾಧ್ಯಾಯರು ಅಲ್ಲಿ ಶಾಲೆಯೊಂದನ್ನು ತೆರೆದು ಕರ್ನಾಟಕ ಲಿಂಗಾಯತ ವಿದ್ಯಾಸಂಸ್ಥೆಗೆ ಅಡಿಗಲ್ಲಿಟ್ಟರು. ನಾಡು ಅವರನ್ನು ಸಪ್ತರ್ಷಿಗಳೆಂದು ಕರೆಯಿತು. ವಚನಸಾಹಿತ್ಯವನ್ನು ಸಂಪಾದಿಸಿಕೊಟ್ಟ ಶಿ. ಶಿ. ಬಸವನಾಳರು ಆ ಏಳರಲ್ಲಿ ಒಬ್ಬರು. ಅವರ ಕಾಲದ ಪದ್ಧತಿ ಬೇರೆ. 1854ರ ವುಡ್ ನಿರೂಪದಿಂದ ಮೊದಲಾದ ಸಹಾಯಧನದ ವ್ಯವಸ್ಥೆ, ದಾನಿಗಳ ಔದಾರ್ಯ, ಇವೆರಡರ ಆಸರೆಯಲ್ಲಿ ಅದು ಬೆಳೆಯಿತು. ಅವಧಿಯ ಕತ್ತಿ ಅವರ ತಲೆಯ ಮೇಲೆ ಇರಲಿಲ್ಲ. ಆದರೆ ತಾವು ನಂಬಿದ ಶಾಲೆಗೆ ತಮ್ಮ ಬದುಕನ್ನೇ ಒತ್ತೆಯಿಡುವ ಧೈರ್ಯ ಸೇಂಟ್ ಪಾಲಿನ ಇಬ್ಬರಿಗೂ ಬೆಳಗಾವಿಯ ಏಳ್ವರಿಗೂ ಸಮಾನವಾದದ್ದು.

ಈಗ ನನ್ನ ಬೆಲ್ಲದ ಉಗ್ರಾಣದ ಶಾಲೆಯ ಕಥೆ. ಅದನ್ನು ತೆರೆದವರು ನಿವೃತ್ತರಾದ ಒಬ್ಬ ಮುಖ್ಯೋಪಾಧ್ಯಾಯರು. ಮೇ ತಿಂಗಳ ಬಿಸಿಲಿನಲ್ಲಿ ಕೊಡೆ ಹಿಡಿದು ಮನೆಮನೆಗೂ ಹೋಗಿ ಮಕ್ಕಳನ್ನು ಕೂಡಿಸುತ್ತಿದ್ದರು. ಅನುದಾನ ಇಂದು ಬಂದೀತು, ನಾಳೆ ಬಂದೀತು ಎಂದು ನಾವು ಕಾದೆವು. ಸಂಬಳ ಕೆಲವು ತಿಂಗಳು ಬರುತ್ತಿತ್ತು, ಕೆಲವು ತಿಂಗಳು ಅಕ್ಕಿಯ ರೂಪದಲ್ಲಿ ಬರುತ್ತಿತ್ತು. ಆದರೂ ಆ ಮೂರು ವರ್ಷ ನಾನು ಪಾಠ ಹೇಳಿದಂತೆ ಮುಂದೆ ಭದ್ರವಾದ ಕಟ್ಟಡದಲ್ಲಿ ಎಂದೂ ಹೇಳಲಿಲ್ಲವೆಂದು ತೋರುತ್ತದೆ. ನಾಲ್ಕನೆಯ ವರ್ಷ ಆ ಹಿರಿಯರು ಕಾಯಿಲೆ ಬಿದ್ದರು, ಶಾಲೆ ಮುಚ್ಚಿತು. ಮಕ್ಕಳ ವರ್ಗಾವಣೆ ಪತ್ರಗಳನ್ನು ನಾನೇ ದುಂಡಗೆ ಬರೆದೆ. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಮಾತ್ರ ತನ್ನ ಪತ್ರವನ್ನು ತೆಗೆದುಕೊಳ್ಳಲು ಬರಲೇ ಇಲ್ಲ. ಮುಂದಿನ ಊರಿನ ಶಾಲೆ ಆರು ಮೈಲಿ. ಹೆಣ್ಣುಮಗಳನ್ನು ಯಾರು ಕಳುಹಿಸುತ್ತಾರೆ? ಆ ಪತ್ರ ಬಹುಕಾಲ ನನ್ನ ನಿಘಂಟಿನ ನಡುವೆ ಇತ್ತು.

ಆದ್ದರಿಂದ ಶಾಲೆ ತೆರೆಯಬೇಕೆಂದು ಯಾರಾದರೂ ಹುಮ್ಮಸ್ಸಿನಿಂದ ಬಂದು ನನ್ನ ಸಲಹೆ ಕೇಳಿದರೆ ನಾನು ಬೇಡವೆನ್ನುವುದಿಲ್ಲ. ಕಷ್ಟವನ್ನೂ ಹೇಳುತ್ತೇನೆ, ಸವಿಯನ್ನೂ ಹೇಳುತ್ತೇನೆ. ಕೊನೆಗೆ ಒಂದು ಪ್ರಶ್ನೆ ಕೇಳುತ್ತೇನೆ. ತೆರೆಯುವ ದಿನದ ಆಹ್ವಾನಪತ್ರಿಕೆಯನ್ನು ಅಚ್ಚುಹಾಕಿಸಿದ್ದೀರಿ, ಸಂತೋಷ. ಒಂದು ವೇಳೆ ಮುಚ್ಚಬೇಕಾಗಿ ಬಂದರೆ ನಿಮ್ಮ ಮಕ್ಕಳು ಮಾರನೆಯ ದಿನ ಯಾವ ಬಾಗಿಲಿಗೆ ಹೋಗಬೇಕೆಂದು ಬರೆದಿಟ್ಟಿದ್ದೀರಾ? ಶಾಲೆಯ ಸನದಿಗೆ ಮೂರು ವರ್ಷದ ಅವಧಿ ಇರಲಿ. ಪರೀಕ್ಷೆಗೆ ಒಡ್ಡಿಕೊಳ್ಳುವುದು ಉಪಾಧ್ಯಾಯನಿಗೆ ಅವಮಾನವಲ್ಲ. ಮಗುವಿಗೆ ಕೊಟ್ಟ ಮಾತಿಗೆ ಮಾತ್ರ ನಮ್ಮ ಹಿರಿಯರ ಆ ಹಳೆಯ ಅವಧಿಯೇ ಸಲ್ಲತಕ್ಕದ್ದು.